ದೂರದ ದಾರಿ, ಬಾಡಿಗೆಯ ಕಾರು

ಮನೆಯಿಂದ ಒಬ್ಬರೇ ದೂರದ ಊರಿಗೆ ಹೊರಡುವುದೆಂದರೆ ಹಿಂದಿನ ಕಾಲದಲ್ಲಿ ಅದೊಂದು ಸಣ್ಣ ಸಮಾರಂಭವೇ ಸರಿ. ತಂದೆಯೋ ಅಣ್ಣನೋ ಬಸ್ ನಿಲ್ದಾಣದವರೆಗೆ ಬಂದು, ಕಿಟಕಿಯ ಪಕ್ಕದ ಜಾಗವನ್ನು ಹಿಡಿದುಕೊಟ್ಟು, ಕಂಡಕ್ಟರನ್ನು ಕರೆದು, "ಹುಡುಗಿ ಒಬ್ಬಳೇ ಹೊರಟಿದ್ದಾಳೆ, ಸ್ವಾಮಿ. ಹಾಸನದಲ್ಲಿ ಇಳಿಸಿಬಿಡಿ. ಅಲ್ಲಿ ಅವಳ ಚಿಕ್ಕಪ್ಪ ಬಂದಿರುತ್ತಾರೆ" ಎಂದು ಒಪ್ಪಿಸಿದ ಮೇಲೆಯೇ ಮನೆಯವರಿಗೆ ಸಮಾಧಾನ. ಕ್ಷೇಮವಾಗಿ ತಲುಪಿದ ಸುದ್ದಿಯನ್ನು ಹೊತ್ತ ಕಾರ್ಡು ಮೂರು ದಿನಗಳ ಬಳಿಕ ಬಂದಾಗ ತಾಯಿಯ ಎದೆಯ ಭಾರ ಇಳಿಯುತ್ತಿತ್ತು.

ಈಗ ಕಾಲ ಬದಲಾಗಿದೆ. ಕೈಯಲ್ಲಿರುವ ಫೋನಿನ ಮೇಲೆ ಬೆರಳಿಟ್ಟರೆ ಕಾರು ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಓಲಾ ಸಂಸ್ಥೆ 2010ರಲ್ಲಿ ಆರಂಭವಾಯಿತು. ಉಬರ್ 2013ರಲ್ಲಿ ಬೆಂಗಳೂರಿನ ಮೂಲಕವೇ ಭಾರತವನ್ನು ಪ್ರವೇಶಿಸಿತು. ಮೊದಮೊದಲು ಊರೊಳಗಿನ ಓಡಾಟಕ್ಕೆ ಮಾತ್ರ ಮೀಸಲಾಗಿದ್ದ ಈ ಏರ್ಪಾಡು ಈಗ ಊರಿಂದೂರಿಗೆ ಹಬ್ಬಿದೆ. ಮೈಸೂರಿನ ಆಸ್ಪತ್ರೆಗೆ ಹೋಗಬೇಕಾದ ವೃದ್ಧರು, ಮಂಗಳೂರಿನ ಕಾಲೇಜಿಗೆ ಮರಳುವ ವಿದ್ಯಾರ್ಥಿನಿ, ಹುಬ್ಬಳ್ಳಿಯ ಕಚೇರಿಗೆ ಕೆಲಸದ ಮೇಲೆ ಹೊರಟ ಯುವತಿ, ಎಲ್ಲರೂ ಒಬ್ಬರೇ ಅಪರಿಚಿತನ ಕಾರಿನಲ್ಲಿ ಐದಾರು ಗಂಟೆಗಳನ್ನು ಕಳೆಯುತ್ತಾರೆ. ಹೀಗೆ ಹೋದವರಲ್ಲಿ ಬಹುಮಂದಿ ಸುಖವಾಗಿ ತಲುಪುತ್ತಾರೆಂಬುದು ನಿಜ. ಆದರೂ ಮನೆಯವರ ಮನಸ್ಸಿನಲ್ಲಿ ಅಳುಕು ಉಳಿದೇ ಇರುತ್ತದೆ.

ಆ ಅಳುಕನ್ನು ಹೋಗಲಾಡಿಸಲು ಪ್ರಯಾಣವನ್ನೇ ನಿಲ್ಲಿಸಬೇಕಾಗಿಲ್ಲ. ಹಿಂದೆ ಕಂಡಕ್ಟರಿಗೆ ಒಪ್ಪಿಸುತ್ತಿದ್ದ ಆ ಪದ್ಧತಿಯ ಒಳಗುಟ್ಟನ್ನು ಅರಿತರೆ ಸಾಕು. ಹೊರಡುವ ಊರಿನಲ್ಲಿ ಒಬ್ಬರಿಗೆ ವಿಷಯ ತಿಳಿದಿರುತ್ತಿತ್ತು. ತಲುಪುವ ಊರಿನಲ್ಲಿ ಒಬ್ಬರು ಕಾದಿರುತ್ತಿದ್ದರು. ಇವರಿಬ್ಬರೂ ಇದ್ದಾರೆಂಬುದು ನಡುವೆ ಕರೆದೊಯ್ಯುವವನಿಗೂ ಗೊತ್ತಿರುತ್ತಿತ್ತು. ಪ್ರಯಾಣಿಕರ ರಕ್ಷಣೆ ಇದ್ದುದು ಈ ಮೂರು ತಿಳಿವಳಿಕೆಗಳಲ್ಲಿ. ಫೋನಿನ ಕಾಲದಲ್ಲಿ ಇವನ್ನು ಮತ್ತೆ ಕಟ್ಟಿಕೊಳ್ಳುವುದು ಹಿಂದಿಗಿಂತ ಸುಲಭ. ಸುಲಭವೆಂದೇ ಅನೇಕರು ಅದನ್ನು ಮರೆಯುತ್ತಾರೆ.

ಫಲಕದ ಬಣ್ಣ

ಮೊದಲು ಯಾವ ಬಗೆಯ ಕಾರಿನಲ್ಲಿ ಹೋಗುತ್ತಿರುವುದೆಂಬ ಅರಿವು ಬೇಕು. ಬಾಡಿಗೆಗೆ ಓಡಲು ಪರವಾನಗಿ ಪಡೆದ ಕಾರಿನ ನಂಬರು ಫಲಕ ಹಳದಿ, ಅದರ ಮೇಲಿನ ಅಕ್ಷರ ಕಪ್ಪು. ವಿದ್ಯುತ್ತಿನಿಂದ ಓಡುವ ಬಾಡಿಗೆ ಕಾರಾದರೆ ಫಲಕ ಹಸಿರು, ಅಕ್ಷರ ಹಳದಿ. ಬಿಳಿಯ ಫಲಕದ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಸ್ವಂತ ಬಳಕೆಯ ಕಾರು.

ಸ್ವಂತ ಕಾರಿನಲ್ಲಿ ಒಂದೇ ದಾರಿಗೆ ಹೊರಟವರು ಪೆಟ್ರೋಲಿನ ಖರ್ಚನ್ನು ಹಂಚಿಕೊಂಡು ಹೋಗುವ ಪದ್ಧತಿಯೂ ಈಗ ಬಳಕೆಯಲ್ಲಿದೆ. 2006ರಲ್ಲಿ ಫ್ರಾನ್ಸ್ ದೇಶದಲ್ಲಿ ಹುಟ್ಟಿದ ಬ್ಲಾಬ್ಲಾಕಾರ್ ಎಂಬ ಏರ್ಪಾಡು 2015ರಲ್ಲಿ ಭಾರತಕ್ಕೆ ಬಂದಿತು. ಖರ್ಚು ಕಡಿಮೆ, ಮಾತಿಗೆ ಜೊತೆ ಸಿಗುತ್ತದೆ ಎಂಬುದು ಇದರ ಆಕರ್ಷಣೆ. ಆದರೆ ಇಲ್ಲಿ ಎರಡು ಮಾತುಗಳನ್ನು ನೆನಪಿಡಬೇಕು. ಕಾರಿನ ಒಡೆಯ ವೃತ್ತಿಯ ಚಾಲಕನಲ್ಲ. ಅವನ ಗುಣನಡತೆಗೆ ಹಿಂದೆ ಜೊತೆಯಲ್ಲಿ ಹೋದವರು ಬರೆದ ಅಭಿಪ್ರಾಯಗಳೇ ಮುಖ್ಯ ಆಧಾರ. ಎರಡನೆಯದಾಗಿ, ಸ್ವಂತ ಕಾರಿನ ವಿಮೆ ಬಾಡಿಗೆಗೆ ಓಡಿಸುವುದನ್ನು ಒಳಗೊಳ್ಳುವುದಿಲ್ಲ; ಲಾಭಕ್ಕಾಗಿ ಜನರನ್ನು ಕೂರಿಸಿಕೊಂಡ ಕಾರು ಅಪಘಾತಕ್ಕೆ ಸಿಕ್ಕಿದರೆ ಪರಿಹಾರಕ್ಕಾಗಿ ಪರದಾಡಬೇಕಾದೀತು. 2020ರ ನವೆಂಬರಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ ಕಾರೊಂದಕ್ಕೆ ಊರಿಂದೂರಿಗೆ ವಾರಕ್ಕೆ ಎರಡು ಪ್ರಯಾಣಗಳ ಮಿತಿಯನ್ನು ಹಾಕಲಾಗಿತ್ತು. ದಿನವೂ ಜನರನ್ನು ತುಂಬಿಕೊಂಡು ಬೆಂಗಳೂರಿಗೂ ಮೈಸೂರಿಗೂ ನಡುವೆ ಓಡಾಡುವ ಬಿಳಿ ಫಲಕದ ಕಾರು ಖರ್ಚು ಹಂಚಿಕೊಳ್ಳುವ ಕಾರಲ್ಲವೆಂದು ತಿಳಿಯಬೇಕು. ಮೊದಲ ಸಲ ಒಬ್ಬರೇ ದೂರ ಹೋಗುವವರಿಗೆ ಹಳದಿ ಫಲಕದ ಕಾರೇ ಲೇಸು. ಹಂಚಿಕೆಯ ಕಾರಿನಲ್ಲೇ ಹೋಗಬೇಕಾದಲ್ಲಿ ಬಹಳ ಮಂದಿಯ ಒಳ್ಳೆಯ ಅಭಿಪ್ರಾಯ ಪಡೆದವರನ್ನು, ಸಾಧ್ಯವಾದರೆ ಹೆಂಗಸರೇ ನಡೆಸುವ ಕಾರನ್ನು, ಹಗಲಿನ ಹೊತ್ತಿಗೆ ಆರಿಸಿಕೊಳ್ಳಬೇಕು.

ಹತ್ತುವ ಮುನ್ನ

2005ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾಲ್ ಸೆಂಟರೊಂದರ ಉದ್ಯೋಗಿಯಾಗಿದ್ದ ಯುವತಿಯೊಬ್ಬಳು ರಾತ್ರಿ ಪಾಳಿಗೆಂದು ಮನೆಯಿಂದ ಹೊರಟಳು. ಆ ರಾತ್ರಿ ಆಕೆಯನ್ನು ಕರೆದೊಯ್ಯಲು ಗೊತ್ತಾಗಿದ್ದ ಚಾಲಕ ಬೇರೆ. ಬಾಗಿಲಿಗೆ ಬಂದವನು ಬೇರೆ. ಬಂದವನನ್ನು ನಂಬಿ ಕಾರೇರಿದವಳು ಮರಳಿ ಬರಲಿಲ್ಲ. ಕೊಲೆಗಾರನಿಗೆ 2010ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆ ದುರಂತದಲ್ಲಿ ಆ ಹುಡುಗಿಯ ತಪ್ಪು ಎಳ್ಳಷ್ಟೂ ಇಲ್ಲ. ಅಂದು ಬಂದವನು ಯಾರೆಂಬುದನ್ನು ನಿಂತಲ್ಲೇ ಒರೆಹಚ್ಚಿ ನೋಡುವ ಸಾಧನ ಆಕೆಯ ಕೈಯಲ್ಲಿರಲಿಲ್ಲ. ಇಂದು ಇದೆ.

ಆ್ಯಪ್ ಮೂಲಕ ಕಾರನ್ನು ಗೊತ್ತುಮಾಡಿದೊಡನೆ ಚಾಲಕನ ಹೆಸರು, ಭಾವಚಿತ್ರ, ಕಾರಿನ ನಂಬರು, ಅದರ ಬಣ್ಣ ಮತ್ತು ಮಾದರಿ ಫೋನಿನಲ್ಲಿ ಕಾಣುತ್ತವೆ. ಕಾರು ಬಂದಾಗ ಬಾಗಿಲು ತೆರೆಯುವ ಮೊದಲೇ ನಂಬರನ್ನು ಪೂರ್ತಿಯಾಗಿ ಓದಿ ಹೋಲಿಸಬೇಕು. ಕೊನೆಯ ಎರಡು ಅಂಕಿಗಳನ್ನು ನೋಡಿ ಸುಮ್ಮನಾಗಕೂಡದು. ಬಳಿಕ ಮುಖವನ್ನು ಭಾವಚಿತ್ರಕ್ಕೆ ಹೋಲಿಸಬೇಕು. "ನೀವು ನನ್ನ ಕಾರು ತಾನೇ?" ಎಂದು ಕೇಳಿದರೆ ಯಾರಾದರೂ ಹೌದೆಂದಾರು. "ಯಾರ ಹೆಸರಿಗೆ ಬಂದಿದ್ದೀರಿ, ಎಲ್ಲಿಗೆ?" ಎಂದು ಕೇಳಿದರೆ ಬಂದವನೇ ಉತ್ತರ ಹೇಳಬೇಕಾಗುತ್ತದೆ. ಇವೆಲ್ಲ ಸರಿಹೊಂದಿದ ಮೇಲೆಯೇ ಓಟಿಪಿ ಎಂದು ಕರೆಯುವ ಅಂಕಿಗಳನ್ನು ಹೇಳತಕ್ಕದ್ದು. ಕಾರು ಬರುವ ಮೊದಲೇ ಫೋನಿನಲ್ಲಿ ಕೇಳಿದರೆ ಹೇಳಕೂಡದು.

"ಆ ಕಾರು ಕೆಟ್ಟಿದೆ, ತಮ್ಮನ ಕಾರನ್ನು ತಂದಿದ್ದೇನೆ" ಎಂಬ ಮಾತು ಕೆಲವೊಮ್ಮೆ ನಿಜವೇ ಇರಬಹುದು. ಆದರೂ ಅಲ್ಲಿ ವಿನಯದಿಂದ ನಿರಾಕರಿಸಿ ಬೇರೆ ಕಾರನ್ನು ಗೊತ್ತುಮಾಡುವುದೇ ಸರಿ. "ಆ್ಯಪಿನಲ್ಲಿ ರದ್ದುಮಾಡಿಬಿಡಿ ಮೇಡಂ, ನೇರವಾಗಿ ದುಡ್ಡು ಕೊಡಿ, ನೂರಿನ್ನೂರು ಕಡಿಮೆಗೇ ಬರುತ್ತೇನೆ" ಎನ್ನುವವರೂ ಉಂಟು. ಕಂಪನಿ ಹಿಡಿದುಕೊಳ್ಳುವ ಪಾಲು ಹೆಚ್ಚೆಂಬುದು ಚಾಲಕರ ನಿಜವಾದ ಸಂಕಟ. ಅವರ ಕೋರಿಕೆಯ ಹಿಂದೆ ದುರುದ್ದೇಶವಿರಬೇಕೆಂದೇನೂ ಇಲ್ಲ. ಆದರೆ ರದ್ದು ಮಾಡಿದ ಗಳಿಗೆಯಲ್ಲೇ ಆ ಪ್ರಯಾಣದ ಮೇಲೆ ಆ್ಯಪ್ ಇಡುವ ನಿಗಾ ನಿಂತುಹೋಗುತ್ತದೆ. ಆಮೇಲೆ ಕಾರು ಎಲ್ಲಿ ಹೋಗುತ್ತಿದೆ ಎಂಬುದನ್ನು ಬಲ್ಲವರು ಇಬ್ಬರೇ ಉಳಿಯುತ್ತಾರೆ. ಉಳಿಯುವ ಇನ್ನೂರು ರೂಪಾಯಿಗೆ ಅದು ತೀರ ದುಬಾರಿಯ ವ್ಯಾಪಾರ.

ಸುಂಕ, ಚಾಲಕನ ಬಾಟಾ, ರಾತ್ರಿಯ ಹೆಚ್ಚುವರಿ, ಗಡಿ ದಾಟುವುದಾದರೆ ಬೇರೆ ರಾಜ್ಯದ ತೆರಿಗೆ, ಇವುಗಳಲ್ಲಿ ಯಾವುದು ಬಾಡಿಗೆಯಲ್ಲಿ ಸೇರಿದೆ, ಯಾವುದು ಇಲ್ಲ ಎಂಬುದನ್ನೂ ಹೊರಡುವ ಮೊದಲೇ ಕೇಳಿ ತಿಳಿಯಬೇಕು. ನಡುದಾರಿಯಲ್ಲಿ, ಕತ್ತಲಲ್ಲಿ, ಹಣದ ವಿಷಯವಾಗಿ ಮಾತು ಬೆಳೆಯುವುದಕ್ಕೆ ಆಸ್ಪದವಿರಬಾರದು.

ಹೊರಟ ಮೇಲೆ

ಹಿಂದಿನ ಆಸನದ ಎಡಭಾಗದಲ್ಲಿ ಕುಳಿತುಕೊಳ್ಳುವುದು ಉತ್ತಮ. ಅಲ್ಲಿಂದ ಚಾಲಕನ ಮುಖವೂ ರಸ್ತೆಯೂ ಕಾಣುತ್ತವೆ. ಇಳಿಯುವಾಗ ವಾಹನಗಳು ಓಡುವ ಕಡೆಗಲ್ಲದೆ ರಸ್ತೆಯ ಅಂಚಿಗೆ ಇಳಿಯಬಹುದು. ಕುಳಿತ ಕೂಡಲೇ ಬಾಗಿಲು ಒಳಗಿನಿಂದ ತೆರೆಯುತ್ತದೆಯೇ ಎಂದು ನೋಡಿಕೊಳ್ಳಬೇಕು. ಮಕ್ಕಳು ತೆರೆಯದಂತೆ ಹಾಕುವ ಬೀಗ ಟ್ಯಾಕ್ಸಿಗಳಲ್ಲಿ ಇರಕೂಡದೆಂದು 2019ರಲ್ಲೇ ನಿಯಮವಾಗಿದೆ. ಅದೇ ವರ್ಷದ ಜನವರಿಯಿಂದ ಹೊಸದಾಗಿ ನೋಂದಣಿಯಾಗುವ ಬಾಡಿಗೆ ಕಾರುಗಳಲ್ಲಿ ವಾಹನವಿರುವ ಜಾಗವನ್ನು ತಿಳಿಸುವ ಉಪಕರಣವೂ ತುರ್ತು ಗುಂಡಿಯೂ ಇರಬೇಕೆಂದು ವಿಧಿಸಲಾಗಿದೆ. ಆ ಗುಂಡಿ ಎಲ್ಲಿದೆಯೆಂದು ಕಣ್ಣಾಡಿಸಿದರೆ ಎರಡು ಕ್ಷಣಗಳ ಕೆಲಸ.

ಆಮೇಲೆ ಆ್ಯಪ್‌ನಲ್ಲಿರುವ, ಪ್ರಯಾಣವನ್ನು ಇತರರಿಗೆ ತೋರಿಸುವ ಸೌಲಭ್ಯವನ್ನು ಬಳಸಿ ಮನೆಯವರಿಗೆ ಕೊಂಡಿಯನ್ನು ಕಳುಹಿಸಬೇಕು. ಅವರು ಕುಳಿತಲ್ಲೇ ಕಾರಿನ ಚಲನೆಯನ್ನು ನಕಾಶೆಯ ಮೇಲೆ ನೋಡಬಹುದು. ಫೋನಿನಲ್ಲಿ ಪಳಗದ ಹಿರಿಯರು ಒಬ್ಬರೇ ಹೋಗುವಾಗ ಮನೆಯವರೇ ತಮ್ಮ ಆ್ಯಪ್‌ನಿಂದ ಕಾರನ್ನು ಗೊತ್ತುಮಾಡಿ, ಕಾರಿನ ನಂಬರನ್ನೂ ಇಬ್ಬರು ಬಂಧುಗಳ ಫೋನ್ ಸಂಖ್ಯೆಯನ್ನೂ ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದು ಜೇಬಿನಲ್ಲಿಡುವುದು ಮೇಲು.

ಕೊಂಡಿ ಕಳುಹಿಸಿದರಷ್ಟೇ ಸಾಲದು. ಒಮ್ಮೆ ಮನೆಗೆ ಮಾತನಾಡಬೇಕು, ಚಾಲಕನಿಗೆ ಕೇಳಿಸುವಂತೆಯೇ.

"ಹೊರಟೆಯೇನಮ್ಮಾ?"

"ಹೊರಟೆ, ಅಮ್ಮ. ಕಾರಿನ ನಂಬರು ನಿಮಗೆ ಬಂದಿದೆಯಲ್ಲ? ನೆಲಮಂಗಲ ದಾಟಿದೆವು. ಹಾಸನದಲ್ಲಿ ಊಟಕ್ಕೆ ನಿಂತಾಗ ಮತ್ತೆ ಮಾತಾಡುತ್ತೇನೆ. ಮಾವ ಬಿ. ಸಿ. ರೋಡಿಗೆ ಬರುತ್ತಾರಂತೆ."

ಈ ಕೆಲವೇ ವಾಕ್ಯಗಳಲ್ಲಿ ಹಳೆಯ ಕಾಲದ ಒಪ್ಪಿಸುವಿಕೆ ಪೂರ್ತಿಯಾಗಿ ಅಡಗಿದೆ. ಚಾಲಕ ಸಜ್ಜನನಾದರೆ ಅವನಿಗೆ ಇದರಿಂದ ಅವಮಾನವೇನೂ ಇಲ್ಲ. ಅಲ್ಲದಿದ್ದರೆ ಅವನಿಗೆ ತಿಳಿಯಬೇಕಾದುದು ತಿಳಿಯಿತು. ಮನೆಯಲ್ಲಿ ಯಾರೂ ಇಲ್ಲ, ಮುಟ್ಟಿದ ಮೇಲೆ ತಾನೇ ಬೀಗ ತೆಗೆಯಬೇಕು ಎಂಬಂಥ ಮಾತುಗಳನ್ನು ಮಾತ್ರ ಕಾರಿನಲ್ಲಿ ಆಡಬಾರದು.

ಘಟ್ಟದ ದಾರಿ

ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರು. ಕುಣಿಗಲ್, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಟ್ಟವನ್ನಿಳಿದು ಗುಂಡ್ಯ, ಉಪ್ಪಿನಂಗಡಿಗಳ ಮೂಲಕ ಹೋಗುವ ದಾರಿ ಇದು. ಸಕಲೇಶಪುರ ದಾಟಿ ಕಾಡಿನ ದಾರಿಗೆ ಇಳಿದ ಮೇಲೆ ಫೋನು ಆಗಾಗ ಮೂಕವಾಗುತ್ತದೆ. ನಕಾಶೆಯ ಮೇಲೆ ಚಲಿಸುತ್ತಿದ್ದ ಚುಕ್ಕಿ ಒಮ್ಮೆಲೇ ನಿಂತದ್ದನ್ನು ಕಂಡು ಮನೆಯಲ್ಲಿ ಕಳವಳ ಹುಟ್ಟುವುದು ಇಂಥಲ್ಲೇ. ಆದ್ದರಿಂದ ಸಕಲೇಶಪುರದಲ್ಲೇ "ಇನ್ನು ಒಂದೂವರೆ ಗಂಟೆ ಫೋನು ಸಿಗದೆ ಹೋಗಬಹುದು, ಉಪ್ಪಿನಂಗಡಿಯಲ್ಲಿ ಮಾತಾಡುತ್ತೇನೆ" ಎಂದು ತಿಳಿಸಿಬಿಡಬೇಕು. ತನ್ನ ಕಂಪನಿಯ ಸಂಪರ್ಕ ಇಲ್ಲದ ಕಡೆಯಲ್ಲೂ ಬೇರೆ ಕಂಪನಿಯ ಗೋಪುರ ಹತ್ತಿರವಿದ್ದರೆ 112 ಎಂಬ ತುರ್ತು ಸಂಖ್ಯೆಗೆ ಕರೆ ಹೋಗುವ ಸಂಭವವುಂಟೆಂಬುದು ನೆನಪಿರಲಿ.

ದಾರಿ ಬದಲಾದುದೆಲ್ಲ ಅಪಾಯವಲ್ಲ. 2024ರ ಜುಲೈಯಲ್ಲಿ ಸಕಲೇಶಪುರದ ಬಳಿ ಗುಡ್ಡ ಕುಸಿದು ಶಿರಾಡಿ ಘಟ್ಟದ ಸಂಚಾರವೇ ನಿಂತುಹೋಯಿತು. ಅಂಥ ದಿನಗಳಲ್ಲಿ ಚಾರ್ಮಾಡಿಯ ಕಡೆಗೋ ಮಡಿಕೇರಿಯ ಕಡೆಗೋ ತಿರುಗದೆ ಚಾಲಕನಿಗೆ ಗತ್ಯಂತರವಿಲ್ಲ. ಮಳೆಗಾಲದಲ್ಲಿ ಹೊರಡುವ ಮೊದಲೇ ದಾರಿಯ ಸ್ಥಿತಿಯನ್ನು ವಿಚಾರಿಸಿದ್ದರೆ ಅನಗತ್ಯವಾದ ಭಯ ತಪ್ಪುತ್ತದೆ. ಹಾಗೆಯೇ ಊಟಿಗೋ ವಯನಾಡಿಗೋ ಹೊರಟವರು ಬಂಡೀಪುರದ ಕಾಡಿನ ರಸ್ತೆಗಳು ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚಿರುತ್ತವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಡವಾದರೆ ತನಿಖಾ ಠಾಣೆಯ ಬಳಿ ಕತ್ತಲಲ್ಲಿ ಕಾಯುವ ಪಾಡಾದೀತು.

ಚಾಲಕನ ನಿದ್ದೆ

ಒಂಟಿ ಪ್ರಯಾಣದ ಅಪಾಯವೆಂದೊಡನೆ ಎಲ್ಲರ ಮನಸ್ಸಿಗೆ ಬರುವುದು ದುಷ್ಟನಾದ ಚಾಲಕ. ಆದರೆ ದೂರದ ದಾರಿಯಲ್ಲಿ ಬಹಳ ಹೆಚ್ಚು ಸಲ ಎದುರಾಗುವ ಅಪಾಯ ದಣಿದ ಚಾಲಕನದು. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳ ಮೇಲೆ 1,68,491 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ 16,715 ಮಂದಿ ಸೀಟುಪಟ್ಟಿ ಕಟ್ಟಿಕೊಂಡಿರಲಿಲ್ಲ. ಇವರಲ್ಲಿ ಅರ್ಧದಷ್ಟು ಜನ ಚಾಲಕರಲ್ಲ, ಪ್ರಯಾಣಿಕರು. ಟಾಟಾ ಸನ್ಸ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಸೈರಸ್ ಮಿಸ್ತ್ರಿಯವರು ಅದೇ ವರ್ಷದ ಸೆಪ್ಟೆಂಬರ್ 4ರಂದು ಮುಂಬಯಿಯ ಹಾದಿಯಲ್ಲಿ, ಪಾಲ್ಘರ್ ಬಳಿ ತೀರಿಕೊಂಡಾಗ ಕುಳಿತಿದ್ದುದು ಹಿಂದಿನ ಆಸನದಲ್ಲಿ, ಪಟ್ಟಿಯಿಲ್ಲದೆ. ಹಿಂದೆ ಕುಳಿತವರಿಗೆ ಪಟ್ಟಿ ಬೇಡವೆಂಬುದು ತಪ್ಪು ತಿಳಿವಳಿಕೆ. ಕಾನೂನೂ ಅವರು ಕಟ್ಟಿಕೊಳ್ಳಬೇಕೆಂದೇ ಹೇಳುತ್ತದೆ, ತಪ್ಪಿದರೆ 1,000 ರೂಪಾಯಿ ದಂಡ. ಹಿಂಬದಿಯ ಪಟ್ಟಿ ಆಸನದ ಹೊದಿಕೆಯ ಕೆಳಗೆ ಹೂತುಹೋಗಿರುವ ಕಾರು ದೂರದ ದಾರಿಗೆ ತಕ್ಕುದಲ್ಲ. ಹೊರಡುವ ಮೊದಲೇ ಅದನ್ನು ಹೊರತೆಗೆಸಬೇಕು.

ಊರೊಳಗೆ ದಿನವೆಲ್ಲ ಓಡಿಸಿ, ಸಂಜೆ ದೂರದ ಬಾಡಿಗೆ ಸಿಕ್ಕಿತೆಂದು ಹಾಗೆಯೇ ಹೊರಟು ಬಂದ ಚಾಲಕರು ಅಪರೂಪವೇನಲ್ಲ. ಕಾರಿನ ಸಾಲದ ಕಂತು ಅವರನ್ನು ನಿದ್ದೆ ಮಾಡಗೊಡುವುದಿಲ್ಲ. ಚಾಲಕನಾದವನು ದಿನಕ್ಕೆ 12 ಗಂಟೆಗಿಂತ ಹೆಚ್ಚು ಹೊತ್ತು ದುಡಿಯಕೂಡದು, ಆಮೇಲೆ 10 ಗಂಟೆ ವಿಶ್ರಾಂತಿ ಪಡೆಯಬೇಕು ಎಂದು 2020ರ ಮಾರ್ಗಸೂಚಿ ಹೇಳಿತ್ತು. ಆದರೆ ಒಬ್ಬನೇ ಚಾಲಕ ಎರಡು ಮೂರು ಆ್ಯಪ್‌ಗಳಲ್ಲಿ ದುಡಿಯುವಾಗ ಅವನ ಗಂಟೆಗಳನ್ನು ಒಟ್ಟುಗೂಡಿಸಿ ಎಣಿಸುವವರಾರು? ಹತ್ತುವಾಗಲೇ ಪ್ರಯಾಣಿಕರು ಕೇಳಿದರೆ ಉಂಟು: "ಬೆಳಿಗ್ಗೆಯಿಂದ ಓಡಿಸುತ್ತಿದ್ದೀರೇನಣ್ಣಾ? ಊಟವಾಯಿತೇ? ರಾತ್ರಿ ನಿದ್ದೆಯಾಗಿತ್ತೇ?" ಗೌರವದಿಂದ ಕೇಳಿದ ಈ ಪ್ರಶ್ನೆಗೆ ಅನೇಕರು ಮರೆಮಾಚದೆ ಉತ್ತರ ಕೊಡುತ್ತಾರೆ. ನಿದ್ದೆಯಿಲ್ಲವೆಂದು ತಿಳಿದರೆ ಬೇರೆ ಕಾರನ್ನು ನೋಡುವುದೇ ಇಬ್ಬರಿಗೂ ಕ್ಷೇಮ.

ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ, ಹಾಗೂ ಮಧ್ಯಾಹ್ನ ಊಟವಾದ ಮೇಲಿನ ಹೊತ್ತಿನಲ್ಲಿ, ಎಂಥವರಿಗೂ ಕಣ್ಣು ಎಳೆಯುತ್ತದೆ. ಮೇಲಿಂದ ಮೇಲೆ ಆಕಳಿಕೆ, ಕಣ್ಣುಜ್ಜಿಕೊಳ್ಳುವುದು, ಇದ್ದಕ್ಕಿದ್ದಂತೆ ಕಿಟಕಿ ಇಳಿಸುವುದು, ಕಾರು ಬಿಳಿಯ ಗೆರೆಯತ್ತ ಜಾರುವುದು, ತಡವಾಗಿ ಬ್ರೇಕು ಒತ್ತುವುದು, ಇವು ಅದರ ಸೂಚನೆಗಳು. ಆಗ ಮಾತಿಗೆಳೆಯುವುದರಿಂದ ಹೆಚ್ಚು ಪ್ರಯೋಜನವಿಲ್ಲ. ದೀಪವಿರುವ, ಜನರಿರುವ ಹೋಟೆಲೋ ಪೆಟ್ರೋಲ್ ಬಂಕೋ ಸಿಕ್ಕಿದಲ್ಲಿ ಕಾರನ್ನು ನಿಲ್ಲಿಸಲು ಹೇಳಿ, ಕಾಫಿ ಕುಡಿಸಿ, ಇಪ್ಪತ್ತು ನಿಮಿಷ ಮಲಗಲು ಬಿಡಬೇಕು. ಕಾಫಿ ಕೆಲಸಮಾಡಲು ಹಿಡಿಯುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಬೇಗ ತಲುಪಬೇಕೆಂದು ಅವಸರಪಡಿಸುವ ಪ್ರಯಾಣಿಕರು ತಮ್ಮ ಆಯುಷ್ಯವನ್ನೇ ಅವಸರಪಡಿಸಿದಂತೆ. ಒಬ್ಬರೇ ರಾತ್ರಿಯಿಡೀ ಪ್ರಯಾಣ ಮಾಡಲೇಬೇಕಾದರೆ ಬಸ್ಸೋ ರೈಲೋ ಬಾಡಿಗೆಯ ಕಾರಿಗಿಂತ ಮೇಲು. ಕಾರಿನ ಪ್ರಯಾಣಕ್ಕೆ ನಸುಕು ಹರಿದ ಮೇಲೆ ಹೊರಟು ಕತ್ತಲಾಗುವುದರೊಳಗೆ ತಲುಪುವ ಲೆಕ್ಕವೇ ಚೆನ್ನು.

ಅನುಮಾನ ಬಂದಾಗ

2014ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಉಬರ್ ಮೂಲಕ ಕರೆಸಿದ ಕಾರಿನಲ್ಲಿ ಮನೆಗೆ ಮರಳುತ್ತಿದ್ದ ಯುವತಿಯೊಬ್ಬಳಿಗೆ ಜೊಂಪು ಹತ್ತಿತು. ಚಾಲಕ ದಾರಿ ಬದಲಿಸಿ ಆಕೆಯ ಮೇಲೆ ಅತ್ಯಾಚಾರವೆಸಗಿದ. ಅವನ ಮೇಲೆ ಹಿಂದೆಯೂ ಆರೋಪಗಳಿದ್ದವೆಂಬುದು ಬಳಿಕ ಹೊರಬಿತ್ತು. ಮಾರನೆಯ ವರ್ಷ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಆ್ಯಪ್‌ಗಳಲ್ಲಿ ಇಂದು ಕಾಣುವ ಅಪಾಯದ ಗುಂಡಿ, ಪ್ರಯಾಣ ಹಂಚಿಕೊಳ್ಳುವ ಸೌಲಭ್ಯ ಮುಂತಾದವಕ್ಕೆ ಆ ಘಟನೆಯ ಬಳಿಕ ಎದ್ದ ಜನರೋಷವೂ ಒಂದು ಕಾರಣ. ಬೆಲೆ ತೆತ್ತು ಪಡೆದ ಈ ಸಾಧನಗಳನ್ನು ಬಳಸದೆ ಬಿಡುವುದು ಸರಿಯಲ್ಲ.

ದಾರಿ ತಪ್ಪಿದಂತೆ ತೋರಿದರೆ ಮೊದಲು ಗಟ್ಟಿಯಾಗಿ, ಶಾಂತವಾಗಿ ಕೇಳಬೇಕು: "ಈ ಕಡೆ ಯಾಕೆ ತಿರುಗಿದಿರಿ? ಹೆದ್ದಾರಿ ಆ ಕಡೆ ಇದೆಯಲ್ಲ." ಉತ್ತರ ಸಮಂಜಸವಾಗಿದ್ದರೂ ಮನೆಗೆ ಫೋನು ಮಾಡಿ ಹೊಸ ದಾರಿಯನ್ನು ತಿಳಿಸಬೇಕು. ಸಮಂಜಸವಲ್ಲದಿದ್ದರೆ, ಚಾಲಕ ಕುಡಿದಿರುವಂತೆ ಕಂಡರೆ, ಅಥವಾ ನಡುವೆ ಬೇರೊಬ್ಬನನ್ನು ಹತ್ತಿಸಿಕೊಳ್ಳಲು ಯತ್ನಿಸಿದರೆ, ಸುಂಕದ ಕಟ್ಟೆಯಲ್ಲೋ ಪೆಟ್ರೋಲ್ ಬಂಕಿನಲ್ಲೋ, ಎಲ್ಲಿ ನಾಲ್ಕು ಜನರಿದ್ದಾರೋ ಅಲ್ಲಿ ಇಳಿದುಬಿಡಬೇಕು. ನಿರ್ಜನವಾದ ರಸ್ತೆಯಲ್ಲಿ ಇಳಿಯುವುದು ಕೊನೆಯ ಉಪಾಯ. ಪೊಲೀಸರ ನೆರವಿಗೆ 112. ಹೆದ್ದಾರಿಯಲ್ಲಿ ಕಾರು ಕೆಟ್ಟು ನಿಂತರೆ ಅಥವಾ ಅಪಘಾತವಾದರೆ ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ 1033. ಕರೆ ಮಾಡಿದಾಗ ಮೊದಲು ಕಾರಿನ ನಂಬರನ್ನೂ ಕೊನೆಗೆ ದಾಟಿದ ಊರಿನ ಹೆಸರನ್ನೂ ಹೇಳಬೇಕು; ವಿವರಣೆ ಆಮೇಲೆ. ರಸ್ತೆಯ ಬದಿಯ ಕಿಲೋಮೀಟರು ಕಲ್ಲುಗಳನ್ನು ಗಮನಿಸುತ್ತ ಹೋಗುವ ಅಭ್ಯಾಸ ಇಂಥ ಹೊತ್ತಿನಲ್ಲಿ ಉಪಕಾರಕ್ಕೆ ಬರುತ್ತದೆ.

ಸಂಕೋಚವೇ ಇಲ್ಲಿ ದೊಡ್ಡ ಶತ್ರು. "ಅವರು ಏನೆಂದುಕೊಂಡಾರೋ" ಎಂಬ ಸುಸಂಸ್ಕೃತ ಮನೆತನದ ಹಿಂಜರಿಕೆ ಎಷ್ಟೋ ಸಲ ಬಾಯಿ ಕಟ್ಟಿಹಾಕುತ್ತದೆ. ಅನುಮಾನ ಸುಳ್ಳಾದರೆ ಕ್ಷಮೆ ಕೇಳಿದರಾಯಿತು.

ಮನೆಯವರ ಪಾಲು

ಪ್ರಯಾಣಿಕರ ಕರ್ತವ್ಯವನ್ನು ಇಷ್ಟು ಹೇಳಿದ ಮೇಲೆ ಮನೆಯವರ ಕರ್ತವ್ಯವೂ ಉಂಟು. ಕೊಂಡಿ ಬಂದಾಗ ಅದನ್ನು ತೆರೆದು ನೋಡುವವರೊಬ್ಬರು ಬೇಕು. ಕರೆ ಬಂದಾಗ ಫೋನು ಎತ್ತಬೇಕು. ಗೊತ್ತುಮಾಡಿದ ಹೊತ್ತಿಗೆ ಕರೆ ಬಾರದಿದ್ದರೆ ಎಷ್ಟು ನಿಮಿಷ ಕಾಯುವುದು, ಆಮೇಲೆ ಯಾರಿಗೆ ತಿಳಿಸುವುದು ಎಂಬುದನ್ನು ಹೊರಡುವ ಮೊದಲೇ ಕುಳಿತು ಗೊತ್ತುಮಾಡಿಕೊಂಡಿರಬೇಕು. ಹತ್ತು ನಿಮಿಷಕ್ಕೊಮ್ಮೆ ಕರೆದು ಪೀಡಿಸುವುದರಿಂದ ಫೋನಿನ ಬ್ಯಾಟರಿ ಬರಿದಾಗುತ್ತದೆಯೇ ಹೊರತು ಧೈರ್ಯ ಬರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ತಲುಪಿದ ಮೇಲೆ ಮಗಳು, "ಅಪ್ಪಾ, ಆ ಚಾಲಕನ ಮಾತು ಯಾಕೋ ಸರಿಯಿರಲಿಲ್ಲ" ಎಂದಳೆನ್ನಿ. "ಅದಕ್ಕೇ ಒಬ್ಬಳೇ ಹೋಗಬೇಡವೆಂದದ್ದು" ಎಂದು ಗದರಿಸುವ ತಂದೆ ಒಂದು ವಿಷಯವನ್ನು ಮರೆಯುತ್ತಾನೆ: ಅವಳು ಮುಂದೆಯೂ ಹೋಗುತ್ತಾಳೆ, ಓದು, ಉದ್ಯೋಗಗಳು ಅವಳನ್ನು ಕರೆಯುತ್ತಲೇ ಇರುತ್ತವೆ. ಗದರಿಸಿದ್ದರ ಫಲವಾಗಿ ನಿಲ್ಲುವುದು ಅವಳ ಪ್ರಯಾಣವಲ್ಲ, ಅವಳು ಮನೆಯವರಿಗೆ ಹೇಳುವುದು. "ಹೇಳಿದ್ದು ಒಳ್ಳೆಯದಾಯಿತಮ್ಮಾ, ಕುಳಿತುಕೋ, ಕಂಪನಿಗೆ ದೂರು ಬರೆಯೋಣ" ಎನ್ನುವ ಮನೆಯ ಮಗಳು ಮುಂದಿನ ಸಲ ನಡುದಾರಿಯಿಂದಲೇ ಹೇಳುತ್ತಾಳೆ, ನೆರವು ಉಪಯೋಗಕ್ಕೆ ಬರುವ ಹೊತ್ತಿನಲ್ಲಿ.